ಮೂವತ್ಮೂರೋ ಮೂವತ್ತೈದೋ

ಹಳಿಯ ಮೇಲೆ ಕೂತಿದ್ದ ಕಾಗೆ ಎದ್ದು ಹಾರಿತು, ರೈಲು ಬಂತೇನೋ ಎಂದು ನರಸಪ್ಪ ಕೂತಲ್ಲಿಂದ ಅರ್ಧ ಎದ್ದ, ಇಲ್ಲ, ಬರೀ ಕಾಗೆ, ನಾಲವಾರದ ಕಡೆಯ ಹಳಿ ಬಿಸಿಲಲ್ಲಿ ಇನ್ನೂ ಖಾಲಿಯೇ ಹೊಳೆಯುತ್ತಿದೆ, ವಾಡಿ ಸ್ಟೇಷನ್ನಿನ ಬೆಂಚಿನ ತುಂಬ ಧೂಳು, ಆ ಧೂಳಲ್ಲಿ ಅವನ ಬೆರಳು ತಾನೇ ಒಂದು ಚಕ್ರ ಬರೆಯಿತು, ಅದರ ಸುತ್ತ ಇನ್ನೊಂದು, ಮೂವತ್ಮೂರು ಇಂಚಿನ ಟೈರು ಅಂದರೆ ನಿಂತವನ ತೊಡೆಯವರೆಗೆ ಬಂದೀತು, ಮೂವತ್ತೈದಾದರೆ ಇನ್ನೂ ಮೂರು ಬೆರಳು ಮೇಲೆ — ಥೂ, ಎಂಥ ಮನಸ್ಸಪ್ಪಾ ಇದು ಶಿವನೇ, ಅಕ್ಕನ ಗಂಡನನ್ನು ಶಹಾಬಾದಿನ ದವಾಖಾನೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿ ಬಂದಿದ್ದಾನೆ, ಅಕ್ಕ ಅನಸುಬಾಯಿ ಬರುವ ರೈಲಿಗೆ ಕಾಯುತ್ತಿದ್ದಾನೆ, ಗಂಡ ಸತ್ತದ್ದು ಅವಳಿಗಿನ್ನೂ ಗೊತ್ತಿಲ್ಲ, ಮಾಮಾಗ ಕಾಲಿಗಿ ಪೆಟ್ಟಾಗ್ಯದ ಅಕ್ಕಾ ಲಗೂನ ಬಾ ಎಂದಷ್ಟೇ ಫೋನಿನಲ್ಲಿ ಹೇಳಿದ್ದ, ಉಳಿದದ್ದನ್ನು ಹೇಳಬೇಕಾದವನು ಅವನೇ, ಕೊಂದವನೂ — ಮನಸ್ಸು ಆ ಮಾತಿನ ಮೇಲೆ ಕೂಡಲೊಲ್ಲದು, ಹುಣ್ಣಿನಿಂದ ಓಡಿಸಿದ ನೊಣ ಮತ್ತೆ ಹುಣ್ಣಿಗೇ ಬಂದ ಹಾಗೆ ಟೈರಿಗೇ ಬಂದು ಕೂಡುತ್ತದೆ.

ಮುಂಜಾನೆ ನರಸಪ್ಪ ಓಡಿಸುವ ಪಿಕಪ್ಪಿಗೆ ನೆಲಹಾಸಿನ ಪರಸಿಕಲ್ಲು ಹೇರುವಾಗಲೇ ಟೈರಿನಂಗಡಿಯ ಫರ್ಹಾನ್ ಮೊಬೈಲು ಹಿಡಿದು ಬಂದಿದ್ದ, ಕಲ್ಲು ಇಳಿಸಬೇಕಾದ ಚಿತ್ತಾಪುರದಲ್ಲೇ ಅವನಿಗೂ ಒಂದು ಟ್ರ್ಯಾಕ್ಟರಿನ ಗಾಲಿ ನೋಡುವುದಿತ್ತು, ಮುಂದಿನ ವರ್ಷ ಬರುವ ಪಿಕಪ್ಪು ಅಣ್ಣಾ ಇದು, ಗುಡ್ಡಾ ಹತ್ತೋದು, ಹಳ್ಳಾ ದಾಟೋದು, ಎಲ್ಲೋ ಓಡಿಸಿ ನೋಡಾಕತ್ತಾರ, ಕದ್ದು ತಗದಾರ ವಿಡಿಯೋ — ಗಾಡಿಯ ಮೈಗೆಲ್ಲ ಕರಿ ಬಿಳಿ ಚಿತ್ತಾರದ ಹೊದಿಕೆ, ನೋಡ್ರಿ, ಮದುಮಗಳ ಹಂಗ ಮುಖಾ ಮುಚ್ಯಾರ, ಕಾಲಷ್ಟೇ ಕಾಣ್ತಾವ, ಕಾಲು ನೋಡೇ ಹೇಳ್ತೀನಿ ನಾ, ಮೂವತ್ತೈದು. ಮೂವತ್ಮೂರು ಬಿಡೋ, ಕಾಲು ತಗೊಂಡು ಏನ್ ಮಾಡ್ತಿ, ದನಿ ಕೇಳು, ಇದು ಆರು ಸಿಲಿಂಡರ್ ಡೀಸೆಲ್, ಎಂದ ನರಸಪ್ಪ. ಎಲ್ಲಿ ಡೀಸೆಲ್ ಅಣ್ಣಾ, ಪೆಟ್ರೋಲ್ ಟರ್ಬೊ, ಜೋಡಿಗೆ ಬ್ಯಾಟರಿ. ಏಳು ಸಮುದ್ರ ದಾಟುವ ರಾಜನ ಕುದುರೆಯ ಬಣ್ಣ ಯಾವುದೆಂದು ಅಜ್ಜಿಯ ಮುಂದೆ ಕೂತ ಮಕ್ಕಳು ಜಗಳಾಡಿದ ಹಾಗೆ ಇಬ್ಬರೂ ಜಗಳಾಡಿದರು, ಇಬ್ಬರಿಗೂ ಗೊತ್ತು, ಆ ಕುದುರೆ ತಮ್ಮ ಓಣಿಗೆ ಬರುವುದಲ್ಲ. ಮೇಲೆ ನಿಂತು ಕಲ್ಲುಗಳ ನಡುವೆ ಹುಲ್ಲು ತುರುಕುತ್ತಿದ್ದ ಮಾಮ ಬೀರಲಿಂಗ ನಕ್ಕು, ಏ ನರಸ್ಯಾ, ಎಂಜಿನ್ನೂ ಬಿಡು ಟೈರೂ ಬಿಡು, ಹಿಂದ ಕುಂದ್ರೋ ಮನಷ್ಯಾಗ ಒಂದು ಸೀಟರ ಹಾಕ್ಯಾರೇನು ಕೇಳು ಆ ಹೊಸಾ ಗಾಡ್ಯಾಗ, ಎಂದ. ಮೂವರೂ ನಕ್ಕರು. ನಕ್ಕು, ಮಾಮನನ್ನು ದಿನದ ಹಾಗೆ ನಿಲ್ಲಿಸಿಟ್ಟ ಕಲ್ಲುಗಳ ಮುಂದೆ, ಕ್ಯಾಬಿನ್ನಿನ ಗಾಜಿಗೆ ಬೆನ್ನು ಹಚ್ಚಿ ಕೂಡಿಸಿಕೊಂಡು ಹೊರಟರು. ಹನ್ನೆರಡು ವರ್ಷದ ಕರಾರು ಮಾಮನಿಗೂ ಅವನಿಗೂ, ಗಾಜಿಗೆ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ನಡಿ.

ಅನೌನ್ಸ್ ಆಯಿತು, ಕನ್ನಡದಲ್ಲಿ, ಹಿಂದಿಯಲ್ಲಿ, ಅವನಿಗೆ ಯಾವುದೂ ಕಿವಿಗೆ ಹೋಗಲಿಲ್ಲ, ಕಿವಿಯಲ್ಲಿ ಫರ್ಹಾನನೇ ಇದ್ದಾನೆ, ಎಂಜಿನ್ ಏನರ ಇರ್ಲಿ ಅಣ್ಣಾ, ಎರಿ ಮಣ್ಣು ಟೈರಿನ ಹಲ್ಲಾಗ ತುಂಬಿತಂದ್ರ ಹುಲಿ ಬಾಯಿನೂ ಮುದುಕಿ ಬಾಯಿ ಆಗ್ತದ, ಟೈರೇ ಖರೆ. ಎಂಜಿನ್ನಾಗ ದಮ್ಮಿದ್ರ ಬೋಳು ಟೈರಿನ ಮ್ಯಾಲೂ ಏರ್ತದ, ತೋರಸ್ಲೇನು, ಎಂದಿದ್ದ ನರಸಪ್ಪ. ತೋರಸ್ರಿ ನೋಡಮ್. ಅಷ್ಟೇ, ಅಷ್ಟು ಮಾತಿಗೆ ಡಾಂಬರು ಬಿಟ್ಟು ಬಂಡಿದಾರಿಗೆ ಇಳಿಸಿದ, ನಿನ್ನೆಯ ಮಳೆಗೆ ಎರೆಹೊಲ ಮೇಲೆ ಒಣಗಿ ಒಳಗೆ ಹಸಿಯಾಗಿತ್ತು, ಮುಂದೆ ಒಂದು ಒಡ್ಡು, ಗೇರು ಕೆಳಗೆ ತಂದ, ಗಾಲಿ ಒಮ್ಮೆ ತಿರುಗಿ ಜಾರಿತು, ಎಂಜಿನ್ನು ಗುಡುಗಿತು, ಆಗ ಗಾಜಿಗೆ ಬಡಿದ ಸದ್ದು, ಕನ್ನಡಿಯಲ್ಲಿ ಕಂಡ, ಕಲ್ಲಿನ ಧೂಳು ಬಡಿದು ವಿಭೂತಿ ಬಳಿದಂತಾದ ಅಂಗೈ, ಬಿಡಿಸಿದ ಐದು ಬೆರಳು. ಒಂದು. ಕೇಳಲಿಲ್ಲವೆಂದಲ್ಲ, ಕೇಳಿತು, ಎರಡನೆಯದು ಬರಲಿ ಎಂದು ಕಾದ, ಬಂದೇ ಬರುತ್ತದೆ ಎಂದುಕೊಂಡ, ಬರುವುದರೊಳಗೆ ಒಡ್ಡು ದಾಟಿಬಿಡೋಣ ಎಂದುಕೊಂಡ, ಒತ್ತಿದ, ಏರಿತು, ಏರ್ತು ನೋಡಲೇ ಮಗನ ಎಂದು ಕೂಗಿದ, ಒಂದು ಉಸಿರಿನಷ್ಟು ಹೊತ್ತು ಅವನಷ್ಟು ಸುಖಿ ಶಹಾಬಾದಿನಿಂದ ಸೇಡಂವರೆಗೆ ಯಾರೂ ಇರಲಿಲ್ಲ, ಒಡ್ಡಿನಾಚೆ ಮೂಗು ಮುಗ್ಗರಿಸಿತು, ಹಿಂದೆ ಅಂಗಡಿಯ ಹಲಗೆಬಾಗಿಲು ಒಂದರ ಮೇಲೊಂದು ಮುಚ್ಚಿಕೊಂಡ ಹಾಗೆ, ಅಷ್ಟೂ ಕಲ್ಲು ಮಾಮನ ಮೇಲೆ. ಆಮೇಲೆ ಫರ್ಹಾನ್ ಕೆಸರಲ್ಲಿ ಕೂತು ಅತ್ತ, ಅತ್ತು ಮೂಗೊರೆಸಿಕೊಂಡು, ಎಮ್ಮಿ ಅಡ್ಡ ಬಂತಂತ ಹೇಳಿಬಿಡ್ರಿ ಅಣ್ಣಾ, ಎಮ್ಮಿಗಿ ಯಾರು ಕೇಳ್ತಾರ, ಎಂದ. ನಿಜ, ಯಾರು ಕೇಳುತ್ತಾರೆ, ಆದರೆ ಅಮಾವಾಸ್ಯೆಗೊಮ್ಮೆ ಮಾಮನ ಜೊತೆ ನಾಲವಾರದ ಮಠಕ್ಕೆ ಹೋಗಿ ಹಣೆ ಹಚ್ಚುತ್ತಿದ್ದ ಆ ಗದ್ದುಗೆಗೆ, ಇನ್ನು ಒಬ್ಬನೇ ಹೋಗಿ ಯಾವ ಹಣೆ ಹಚ್ಚಲಿ, ಅಪ್ಪಾ, ನಿನ್ನ ಮುಂದೆ ಎಮ್ಮೆಯನ್ನು ಎಲ್ಲಿಂದ ಹೊಡಕೊಂಡು ಬರಲಿ — ಆರು ಸಿಲಿಂಡರಿನದಾದರೆ ಮುಗ್ಗರಿಸುತ್ತಿರಲಿಲ್ಲವೇನೋ, ಮೂವತ್ತೈದಾದರೆ ಆ ಒಡ್ಡು ಒಡ್ಡೇ ಅಲ್ಲ, ಫರ್ಹಾನನ ಮಾತೇ ಖರೆಯೇನೋ, ಥೂ, ಥೂ.

ರೈಲು ಬಂದು ನಿಂತಿದೆ, ಯಾವಾಗ ಬಂತು, ಜನ ಇಳಿಯುತ್ತಿದ್ದಾರೆ, ಅಕ್ಕ ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದರಲ್ಲಿ ಮಾಮನ ಒಗೆದ ಧೋತರ ಹಿಡಿದು ಬಂದೇಬಿಟ್ಟಳು, ಅವನ ಮುಖ ಸವರಿ, ಉಂಡೀಯೇನೋ ತಮ್ಮಾ, ಯಾಕ ಹಿಂಗಾಗೀದಿ, ಫರ್ಹಾನ್ ಮತ್ತ ಫೋನ್ ಮಾಡಿದ್ದ, ಎಮ್ಮಿ ಅಡ್ಡ ಬಂತಂತಲ್ಲ, ನೀ ಏನ್ ಮಾಡ್ತಿದ್ದಿ ಪಾಪ, ನಿನ್ನ ತಪ್ಪೇನದ, ಕಾಲು ಮುರದಿದ್ರ ಕೂಡ್ತದ ತಗೋ, ಆರು ತಿಂಗಳು ಮನ್ಯಾಗ ಕುಂತು ನನಗ ಬೈಕೋತ ಇರ್ತಾನ, ನಡಿ, ಜ್ವಾಳದ ರೊಟ್ಟಿ ಆರ್ತಾವ. ನಡಿ ಎಂದವಳು ನಡೆದೇಬಿಟ್ಟಳು, ಅವನು ಬೆಂಚಿನ ಹತ್ತಿರವೇ ಉಳಿದ, ಹೂಂ ಎಂದರೆ ಸಾಕಿತ್ತು, ಒಂದು ಹೂಂ, ಫರ್ಹಾನ್ ಹೇಳಿ ಊರೆಲ್ಲ ನಂಬಿದ್ದನ್ನು ಅಕ್ಕನೂ ನಂಬಿದ್ದಾಳೆ, ನಾಲಿಗೆ ಹೂಂ ಎನ್ನಲು ಎದ್ದಿತು, ಎಮ್ಮಿ ಇರಲಿಲ್ಲ ಅಕ್ಕಾ, ಎಂದಿತು. ಅವಳು ತಿರುಗಿದಳು. ಇರಲಿಲ್ಲಂದ್ರ, ಮತ್ತೇನಿತ್ತೋ? ಏನಿತ್ತು, ಎಂಜಿನ್ನಿತ್ತು, ಟೈರಿತ್ತು, ಮೂವತ್ಮೂರಿತ್ತು ಮೂವತ್ತೈದಿತ್ತು, ನರಸ್ಯಾ ಮಾತಾಡೋ, ನಿಮ್ಮ ಮಾಮ ಹ್ಯಾಂಗದಾನ, ಗಂಟು ಅವಳ ಕೈಯಿಂದ ಜಾರುತ್ತಿದೆ, ಅವನ ಕಣ್ಣ ಮುಂದೆ ಗಾಜಿದೆ, ಗಾಜಿನ ಮೇಲೆ ಮಾಮನ ಅಂಗೈ, ಬೆಳ್ಳಗಿನ ಐದು ಬೆರಳು, ಒಂದು, ಗಾಜಿನ ಮೇಲೆ ಅಂಗೈ, ಒಂದು, ಒಂದು