ಕುಂಕುಮದ ಕೆಳಗಿನ ಅಕ್ಷರ

ನಮ್ಮ ಸಮೇತನಹಳ್ಳಿಯಲ್ಲಿ ಯಾರೇ ತೀರಿಕೊಂಡರೂ ಮುನಿವೆಂಕಟಪ್ಪನವರಿಗೆ ಹೇಳಿಕಳಿಸುತ್ತಾರೆ. ಹೆಣ ಎತ್ತುವವರೆಗೆ ಪದ ಹಾಡುವುದು ಅವರ ಕೆಲಸ. ಹೋದ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಲಕ್ಕಮ್ಮನ ಮನೆ ಮುಂದೆ ಹಾಡುತ್ತಿದ್ದವರು ನಡುವೆ ನಿಂತುಬಿಟ್ಟರು. ಮುಂದಿನ ಸಾಲು ನೆನಪಾಗಲಿಲ್ಲ. ಜನ ಕಾದರು. ಕೊನೆಗೆ ಹಾಡಿಲ್ಲದೆಯೇ ಲಕ್ಕಮ್ಮನನ್ನು ಎತ್ತಿದರು.

ಆ ಪದಗಳನ್ನೆಲ್ಲ ಮುನಿವೆಂಕಟಪ್ಪನವರ ತಾತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಪುಸ್ತಕ ದೇವರ ಮನೆಯಲ್ಲಿತ್ತು. ಆದರೆ ಕಣ್ಣು ಮಂಜಾದ ಇವರಿಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅವರ ತಮ್ಮನ ಮಗಳು ಶಾಮಲಾ ಹೊಸಕೋಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುತ್ತಾಳೆ. ಪುಸ್ತಕ ಕೊಟ್ಟರೆ ಟೈಪ್ ಮಾಡಿಕೊಡುತ್ತೇನೆ, ಕಂಪ್ಯೂಟರಿನಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿ ಓದಬಹುದು, ಫ್ಲಾಪಿಗೆ ಹಾಕಿ ಕೇಳಿದವರಿಗೆಲ್ಲ ಪುಕ್ಕಟೆ ಕೊಡಬಹುದು ಎಂದಳು.

ಮುನಿವೆಂಕಟಪ್ಪನವರ ಹೆಂಡತಿ ವರಲಕ್ಷ್ಮಮ್ಮ ಒಪ್ಪಲಿಲ್ಲ. "ನಮ್ಮನೆ ಸರಸ್ವತೀನ ಬೀದಿಗೆ ಹಂಚ್ತೀಯೇನಮ್ಮ?"

"ಪದ ಕಟ್ಟಿದೋರು ಯಾರೂಂತ ಮುತ್ತಾತನಿಗೇ ಗೊತ್ತಿರ್ಲಿಲ್ಲ ದೊಡ್ಡಮ್ಮ. ತಲೆತಲಾಂತರದಿಂದ ಊರೋರೆಲ್ಲ ಹಾಡಿದ್ದು. ಇದು ಎಲ್ಲರದ್ದೂ."

ಮೂವತ್ತು ವರ್ಷದಿಂದ ಜೋಪಾನ ಮಾಡಿದ್ದೇನೆ, ಬೇಕಾದರೆ ನೋಡು ಎಂದು ವರಲಕ್ಷ್ಮಮ್ಮ ಕೆಂಪು ವಸ್ತ್ರದ ಗಂಟು ತಂದು ಬಿಚ್ಚಿದರು. ಪಕ್ಕದ ಮನೆಯವಳಾದ ನಾನೂ ಅಲ್ಲೇ ಇದ್ದೆ. ಶಾಮಲಾ ನಾಲ್ಕು ಪುಟ ತಿರುಗಿಸಿ ಪುಸ್ತಕವನ್ನು ಬೆಳಕಿಗೆ ಹಿಡಿದಳು. ವರಲಕ್ಷ್ಮಮ್ಮನಿಗೆ ಓದು ಬಾರದು. ಪ್ರತಿ ಆಯುಧಪೂಜೆಗೂ ಕೈಗೆ ಬಂದ ಪುಟ ತೆರೆದು, ಒದ್ದೆ ಅರಿಶಿನ ಕುಂಕುಮ ಹಚ್ಚಿ ಮುಚ್ಚಿಟ್ಟಿದ್ದರು. ಹಚ್ಚಿದ ಕಡೆಯೆಲ್ಲ ಶಾಯಿ ಕರಗಿಹೋಗಿತ್ತು.

ಶಾಮಲಾ ಅದನ್ನು ಹೇಳಿದಾಗ ಆಕೆ ಗೋಡೆಗೆ ಒರಗಿ ಕೂತರು. "ಪೂಜೆ ಮಾಡ್ತಿದೀನಿ ಅಂದ್ಕೊಂಡು ಅಳಿಸ್ಬಿಟ್ನಲ್ಲಮ್ಮ" ಎಂದರು. ಪುಸ್ತಕವನ್ನು ಆಕೆಯೇ ಎತ್ತಿ ಶಾಮಲಾಳ ಕೈಗೆ ಕೊಟ್ಟರು.

ಮಾರನೆಯ ದಿನವೇ ಕೆಲಸ ಶುರುವಾಯಿತು. ಅಳಿಸಿದ ಜಾಗ ಬಂದಾಗ ಶಾಮಲಾ ಹಿಂದಿನ ಸಾಲು ಓದಿ ನಿಲ್ಲಿಸುವಳು. ಮುನಿವೆಂಕಟಪ್ಪ ಕಣ್ಣು ಮುಚ್ಚಿ ಮುಂದಿನದನ್ನು ಹಾಡುವರು. ಟೈಪಾದ ಮೇಲೆ ಅವಳು ಗಟ್ಟಿಯಾಗಿ ಓದಿದಳು, ನಾನು ಹಳೆಯ ಪುಸ್ತಕದ ಜೊತೆ ಹೋಲಿಸಿ ತಪ್ಪು ಹಿಡಿದೆ. ಲಕ್ಕಮ್ಮನ ಮನೆ ಮುಂದೆ ನಿಂತುಹೋದ ಪದದ ನಾಲ್ಕು ಸಾಲು ಮಾತ್ರ ಸಿಗಲೇ ಇಲ್ಲ. ಹೊಂದುವಂಥದ್ದು ಏನಾದರೂ ಸೇರಿಸೋಣ ಎಂದೆ.

"ಇಲ್ಲದ್ದನ್ನ ಸೇರಿಸ್ಬಾರ್ದು. ಹಂಗೇ ಖಾಲಿ ಬಿಡು" ಎಂದರು ಮುನಿವೆಂಕಟಪ್ಪ.

ಕೆಲಸ ಮುಗಿದ ದಿನ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು, ಹೆಬ್ಬೆಟ್ಟಿನಷ್ಟು ದೊಡ್ಡ ಅಕ್ಷರಗಳನ್ನು ಅವರು ತಾವೇ ಓದಿದರು. ವರಲಕ್ಷ್ಮಮ್ಮ ನಡುವಿನ ಖಾಲಿ ಜಾಗಕ್ಕೆ ಬೆರಳು ತೋರಿಸಿ, "ಇದು ನಾನು ಅಳಿಸಿದ್ದಲ್ವಾ?" ಎಂದು ಕೇಳಿದರು. ಅದೊಂದನ್ನು ಓದಲು ಆಕೆಗೆ ಯಾರೂ ಕಲಿಸಬೇಕಾಗಲಿಲ್ಲ.

ಈಗ ಒಂದು ಫ್ಲಾಪಿ ಅವರ ಮನೆಯಲ್ಲಿದೆ, ಇನ್ನೊಂದು ಊರಿನ ಶಾಲೆಯಲ್ಲಿ. ಈ ಸಲ ಆಯುಧಪೂಜೆಗೆ ಕುಂಕುಮ ಬಿದ್ದದ್ದು ವಸ್ತ್ರದ ಮೇಲೆ ಮಾತ್ರ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ದೇವರ ಮನೆಯಲ್ಲೂ ಇಂಥದ್ದೊಂದು ಗಂಟಿರಬಹುದು. ಇವತ್ತೇ ಬಿಚ್ಚಿ ನೋಡಿ. ಎಲ್ಲರ ಸ್ವತ್ತನ್ನು ಎಲ್ಲರಿಗೂ ಸಿಗುವಂತೆ ಬರೆಸಿಡಿ. ಅಳಿಸಿದ ಸಾಲನ್ನು ಹಾಡಬಲ್ಲವರು ನಿಮ್ಮ ಮನೆಯಲ್ಲಿ ಇನ್ನೂ ಇರುವಾಗಲೇ ಬರೆಸಿಡಿ.