ಕಳ್ಳ ಉಸಿರು

ಮಸ್ಕಿಯ ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ಶಿವರಂಜನಿ ಎಂಥ ರೈಡರ್ ಅಂದರೆ, ಗೆರೆ ದಾಟಿ ಹೋದಳೆಂದರೆ ಒಬ್ಬರನ್ನೋ ಇಬ್ಬರನ್ನೋ ಹೊರಗೆ ಕೂಡಿಸದೆ ಬಂದವಳೇ ಅಲ್ಲ. ಇಪ್ಪತ್ತೈದು ಸೆಕೆಂಡು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುವ ಎದೆ ಅವಳದು. ಆದರೆ ಇದೆಲ್ಲ ಕೊರೊನಾ ಎರಡನೇ ಸಲ ಬರುವುದಕ್ಕೆ ಮುಂಚಿನ ಮಾತು. ಈಗ ಹತ್ತನೇ ಕ್ಲಾಸಿನ ಈ ಹುಡುಗಿಗೆ ಹನ್ನೆರಡು ಎಣಿಸುವಷ್ಟರಲ್ಲಿ ಎದೆ ಬಿಗಿಯುತ್ತಿತ್ತು, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು.

ಆ ಮೇ ತಿಂಗಳಲ್ಲಿ ಅವಳು ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟವರ ಮನೆ. ಟೆಸ್ಟು ಮಾಡಿಸಿದರೆ ಓಣಿಗೆ ಅಡ್ಡ ಕಟ್ಟಿಗೆ ಕಟ್ಟುತ್ತಾರೆ, ಅಂಗಡಿ ಮುಚ್ಚಿಸುತ್ತಾರೆ. ಆಮೇಲೆ ಬಾಗಿಲು ತೆಗೆದರೂ ಆ ಅಂಗಡಿಯ ಸಕ್ಕರೆ ಯಾರು ಒಯ್ದಾರು? ಅವ್ವ ವೀರಭದ್ರಮ್ಮ ಮಗಳನ್ನು ಒಳಕೋಣೆಯಲ್ಲಿ ಮಲಗಿಸಿ, ಕೇಳಿದವರಿಗೆಲ್ಲ "ತುರ್ವಿಹಾಳಕ್ಕ ಅವರತ್ತಿ ಮನಿಗಿ ಹೋಗ್ಯಾಳ್ರೀ" ಎಂದಳು. ಒಳಗೆ ಕೆಮ್ಮು ಕೇಳಿಸಿದರೆ ಈಕೆ ಹೊರಗೆ ಹಿಟ್ಟಿನ ಡಬ್ಬಿ ಬಡಿಯುವಳು. ಜ್ವರ ಇಳಿಯಿತು. ಊರಿಗೆ ಏನೂ ಗೊತ್ತಾಗಲಿಲ್ಲ ಎಂದು ಮನೆಯವರು ನಂಬಿಕೊಂಡರು. ನಂಬಿಕೊಳ್ಳುವುದಕ್ಕೆ ದುಡ್ಡು ಬೀಳುತ್ತದೆಯೇ!

ದಸರಾ ಮುಗಿದು ಮೈದಾನಕ್ಕೆ ಇಳಿದ ಮೇಲೆ ಶಿವರಂಜನಿಗೆ ತನ್ನ ಎದೆಯ ಸ್ಥಿತಿ ತಿಳಿಯಿತು. ಯಾರಿಗೂ ಹೇಳಲಿಲ್ಲ. ಬದಲಿಗೆ ಉಸಿರು ಕದಿಯುವುದನ್ನು ಕಲಿತಳು. ರೈಡಿನ ನಡುವೆ ಮುಖವನ್ನು ಸರ್ರನೆ ಆಚೆ ತಿರುಗಿಸುವುದು, ಕಬಡ್ಡಿಯ 'ಕ' ನುಂಗಿ ಅಷ್ಟು ಗಾಳಿ ಒಳಗೆ ಎಳೆದುಕೊಳ್ಳುವುದು. ಆಟದಲ್ಲಿ ಇದು ಶುದ್ಧ ಮೋಸ, ಸಿಕ್ಕರೆ ಔಟು. ಇನ್ನು ಹದಿನೈದು ದಿನಕ್ಕೆ ಲಿಂಗಸುಗೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ. ಆಯ್ಕೆಯ ಚಿಂತೆ ಅವಳಿಗೆ ಅಷ್ಟಿರಲಿಲ್ಲ. ಹೋದ ಉಸಿರು ಹೋಗಿಯೇಬಿಟ್ಟಿತೇನೋ, ಇನ್ನು ಜನ್ಮದಲ್ಲಿ ಆಡುವುದಕ್ಕೇ ಆಗುವುದಿಲ್ಲವೇನೋ ಎಂಬುದೇ ಭಯ. ಡಾಕ್ಟರ ಹತ್ತಿರ ಹೋಗಬೇಕೆಂದರೆ ಅವ್ವನಿಗೆ ಹೇಳಬೇಕು. ಅವ್ವನಿಗೆ ಹೇಳಿದರೆ ಬರುವ ಮಾತು ಒಂದೇ: "ಆಡಿದ್ದು ಸಾಕು, ಮನ್ಯಾಗ ಕುಂಡ್ರು."

ಆ ದಿನ ಪ್ರ್ಯಾಕ್ಟೀಸಿನಲ್ಲಿ ಅವಳ ಎದುರಿಗೆ ಮೂಲೆ ಹಿಡಿದು ನಿಂತಿದ್ದವಳು ಗೌಸಿಯಾ. ಟೇಲರ್ ಲಾಲ್‌ಸಾಬರ ಮಗಳು, ಐದನೇ ಕ್ಲಾಸಿನಿಂದ ಜೀವದ ಗೆಳತಿ. ಶಿವರಂಜನಿ ಮುಖ ತಿರುಗಿಸಿ ಉಸಿರು ಕದ್ದಳೋ ಇಲ್ಲವೋ, ಗೌಸಿಯಾ ಕೈ ಎತ್ತಿ ಕೂಗಿದಳು.

"ಸರ್, ದಮ್ಮ ಮುರಿದಾಳ! ಔಟ್!"

ಶಿವರಂಜನಿಗೆ ಮೈಯೆಲ್ಲ ಉರಿಯಿತು. ಆಟ ಮುಗಿದ ಮೇಲೆ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿದಳು.

"ನೀ ಏನ್ ಗೆಳತಿನೋ ವೈರಿನೋ? ಸರ್‌ಗೆ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ, ನಿನಗಷ್ಟ ಹೆಂಗ ಗೊತ್ತಾತು?"

ಗೌಸಿಯಾ ಜಗಳಕ್ಕೆ ನಿಲ್ಲಲಿಲ್ಲ. ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತಳು.

"ಯಾಕಂದ್ರ ನಾನೂ ಹಂಗ ಕದಿಯಾಕತ್ತೀನಿ ಲೇ. ಮುಖ ತಿರುಗಿಸಿದ ಕೂಡ್ಲೇ ಗೊತ್ತಾಗಿಬಿಡ್ತು, ಬಾಯಿ ತಡಿಲಿಲ್ಲ."

"ನಿನಗ ಬಂದಿದ್ದು ಟೈಫಾಯ್ಡ್ ಅಲ್ಲೇನು?"

"ನೀ ತುರ್ವಿಹಾಳದಾಗ ಇದ್ದಿ ಅಲ್ಲ, ಹಂಗ ನನಗ ಟೈಫಾಯ್ಡ್."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಗು ಬಂತು, ನಗುತ್ತಲೇ ದಮ್ಮು ಕಟ್ಟಿತು, ಆಮೇಲೆ ಗೌಸಿಯಾ ಅತ್ತೇಬಿಟ್ಟಳು. "ಮೆಟ್ಲ ಹತ್ತಿದ್ರೂ ಎದಿ ಹೊಡ್ಕೊಳ್ತದ. ಇದನ್ನ ಒಬ್ಬಾಕಿನ ಮನಸಿನಾಗ ಇಟ್ಕೊಂಡು ಸಾಕಾಗೈತಿ. ನಡಿ, ಸರ್‌ಗೆ ಹೇಳೋಣ" ಎಂದಳು. ಶಿವರಂಜನಿ ಅವಳ ಹಿಂದೆ ಹಿಂದೆ ಹೋದಳು.

ಪಿ.ಟಿ. ಮಾಸ್ತರ ಸಿದ್ದಲಿಂಗೇಶ ಸರ್ ಎಲ್ಲ ಕೇಳಿಸಿಕೊಂಡು ಉಳಿದವರನ್ನೂ ಕೂಗಿ ಕರೆದರು. ಆಮೇಲೆ ಹನ್ನೆರಡೂ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು.

"ಬೈಯಂಗಿಲ್ಲ, ಬಡಿಯಂಗಿಲ್ಲ. ಮೇ ತಿಂಗಳದಾಗ ಜ್ವರ ಬಂದಾಕಿ ಯಾರು, ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ಗೌಸಿಯಾ ಎತ್ತಿದಳು. ಶಿವರಂಜನಿ ಎತ್ತಿದಳು. ಆಮೇಲೆ ಒಂದರ ಹಿಂದೆ ಒಂದು, ಒಟ್ಟು ಒಂಬತ್ತು ಕೈ. ಹುಡುಗಿಯರು ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡುತ್ತಿರುವಾಗ ಸರ್ ತಮ್ಮ ಕೈಯನ್ನೂ ಎತ್ತಿದರು.

"ನಂದೂ ಒಂದು ಹಿಡೀರಿ. ಸೀಟಿ ಊದಿದ್ರ ನನಗೂ ತಲಿ ತಿರಗತದ."

ಶಿವರಂಜನಿಗೆ ಆರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಅರ್ಧ ಇಳಿದಂತಾಯಿತು. ಉಳಿದರ್ಧ ಡಾಕ್ಟರ ಕೈಯಲ್ಲಿತ್ತು. ಏಕೆಂದರೆ ಸರ್ ಆವತ್ತೇ ಸಂಜೆ ಒಂಬತ್ತು ಮನೆಗೂ ಹೋಗಿ, ಡಾಕ್ಟರು ಹೂಂ ಅನ್ನುವವರೆಗೆ ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ, ಆಯ್ಕೆ ಹೋದರೆ ಹೋಗಲಿ ಎಂದು ಹೇಳಿ ಬಂದರು. ವೀರಭದ್ರಮ್ಮ ಎಲ್ಲ ಕೇಳಿಸಿಕೊಂಡು ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಆ ಮೌನಕ್ಕಿಂತ ನಾಲ್ಕು ಏಟು ಬಿದ್ದಿದ್ದರೆ ವಾಸಿಯಿತ್ತು.

ರವಿವಾರ ಎರಡು ಕ್ರೂಸರ್ ಗಾಡಿ ಸಿಂಧನೂರಿನ ದವಾಖಾನೆಗೆ ಹೊರಟವು. ಶಿವರಂಜನಿ ಕೂತ ಗಾಡಿಯ ಹಿಂದಿನ ಸೀಟಿನಲ್ಲಿ ತಾಯಂದಿರು ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. ಊರು ದಾಟುವವರೆಗೆ ಎಲ್ಲರ ಕಣ್ಣೂ ಕಿಟಕಿಯ ಹೊರಗೇ. ಕೊನೆಗೆ ಗೌಸಿಯಾಳ ತಾಯಿ ಖಾತೂನ್‌ಬೀಯೇ ಶುರು ಮಾಡಿದಳು.

"ವೀರಭದ್ರಮ್ಮಕ್ಕಾ, ನಿಮ್ಮಾಕಿ ತುರ್ವಿಹಾಳಕ್ಕ ಹೋಗಿದ್ಲು ಅಂದಿದ್ರಿ?"

"ನಿಮ್ಮಾಕಿಗೆ ಟೈಫಾಯ್ಡ್ ಅಂದಿದ್ರಿ?"

"ಹೋಗ್ಲಿ ಬಿಡ್ರೀ, ಎಲ್ಲಾರ ಮನಿ ದೋಸಿನೂ ತೂತ."

ಗಾಡಿಗೆ ಗಾಡಿಯೇ ನಕ್ಕಿತು. ವೀರಭದ್ರಮ್ಮ ಮಾತ್ರ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಡಾಕ್ಟರ್ ಶೈಲಜಾ ಒಬ್ಬೊಬ್ಬರನ್ನಾಗಿ ಕರೆದರು. ಶಿವರಂಜನಿಯ ಎದೆಯ ಫೋಟೋ ತೆಗೆಸಿದರು, ಇಸಿಜಿ ಮಾಡಿಸಿದರು, ಬೆರಳಿಗೆ ಕ್ಲಿಪ್ ಹಾಕಿ ಆರು ನಿಮಿಷ ವರಾಂಡದಲ್ಲಿ ಸರಸರ ನಡೆಸಿದರು. ಫೋಟೋವನ್ನು ಬೆಳಕಿಗೆ ಹಿಡಿದು ಅವರು ನೋಡುತ್ತಿದ್ದ ಆ ಒಂದು ನಿಮಿಷ ಹುಡುಗಿಗೆ ಒಂದು ಯುಗವಾಯಿತು.

"ಎದಿ ಸ್ವಚ್ಛ ಐತಿ. ಹಾರ್ಟ್ ಗಟ್ಟಿ ಐತಿ" ಎಂದರು ಡಾಕ್ಟರ್. "ಜಡ್ಡಿನಿಂದ ಎದ್ದಾಕಿ ಸೀದಾ ಕಬಡ್ಡಿಗೆ ಹೋದ್ರ ಮೈ ಕೇಳ್ತದೇನು? ಮೊದಲು ನಡಿ, ಆಮ್ಯಾಲ ಸಣ್ಣಗ ಓಡು. ಹೋದ ದಮ್ಮು ವಾಪಸ್ ಬರ್ತದ, ಅವಸರ ಮಾಡಬ್ಯಾಡ."

ಬರುತ್ತದೆ! ಶಿವರಂಜನಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಪಕ್ಕದಲ್ಲಿ ಅವ್ವ ಕುರ್ಚಿ ಸರಿಸಿ ಮುಂದೆ ಬಂದಳು. 'ಆಡಿದ್ದು ಸಾಕು' ಎಂಬ ಆ ಮಾತು ಈಗ ಬರುತ್ತದೆ ಎಂದು ಅವಳು ನೆಲ ನೋಡುತ್ತ ಕೂತಳು.

"ಹಂಗಾದ್ರ ಮೇಡಂ," ಎಂದಳು ವೀರಭದ್ರಮ್ಮ, "ನಮ್ಮಾಕಿ ಮತ್ತ ಯಾವಾಗಿಂದ ಆಡಬಹುದ್ರೀ?"

ಶಿವರಂಜನಿ ತಲೆ ಎತ್ತಿದಳು. ಡಾಕ್ಟರು ಎರಡು ತಿಂಗಳು ಅಂದದ್ದು, ಅವ್ವ ಅದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡದ್ದು, ಇಬ್ಬರೂ ಹೊರಗೆ ಬಂದದ್ದು ಒಂದೂ ಅವಳಿಗೆ ಸರಿಯಾಗಿ ನೆನಪಿಲ್ಲ. ವರಾಂಡದ ಬೆಂಚಿನ ಮೇಲೆ ಅವ್ವನೇ ಅವಳನ್ನು ಎಳೆದು ಕೂಡಿಸಿಕೊಂಡಳು.

"ದಿನಾ ಮುಂಜಾನಿ ಬಚ್ಚಲದ ಬಾಗಿಲು ಹಾಕ್ಕೊಂಡು ಕಬಡ್ಡಿ ಕಬಡ್ಡಿ ಅಂತಿದ್ದಿ. ಇತ್ತಾಗ ಒಲಿ ಮುಂದ ಕುಂತು ನಾನೂ ಎಣಸ್ತಿದ್ನೆವ್ವಾ. ಹನ್ನೆರಡಕ್ಕ ನಿಲ್ತಿತ್ತು. ಅಂಗಡಿ ಸಲುವಾಗಿ ನಿನ್ನ ದವಾಖಾನಿಗೆ ಒಯ್ಯಲಿಲ್ಲ, ನಾನ ನಿನ್ನ ಉಸಿರು ತಿಂದೆ ಅಂತ ಒಂದಿನ ನೆಟ್ಟಗ ನಿದ್ದಿ ಮಾಡಿಲ್ಲ. ಕೇಳಾಕ ಬಾಯಿ ಬರಲಿಲ್ಲ."

ಶಿವರಂಜನಿ ಅವ್ವನ ಮಡಿಲಿಗೆ ಮುಖ ಹಾಕಿ ಮನದಣಿಯೆ ಅತ್ತಳು. ಈ ಅಳುವಿನಲ್ಲಿ ಮಾತ್ರ ಅವಳ ಉಸಿರು ಎಲ್ಲೂ ಕಟ್ಟಲಿಲ್ಲ.

"ಇನ್ನ ಮ್ಯಾಲ ನನಗ ಕೇಳೋಹಂಗ ಎಣಸು ಬೇ, ಯವ್ವಾ" ಎಂದಳು.

ವೀರಭದ್ರಮ್ಮ ಹೂಂ ಎಂದು ಮಗಳ ಜಡೆ ಸರಿ ಮಾಡತೊಡಗಿದಳು.