ಬಾನೆಟ್ ಮೇಲಿನ ಹಿಮದ ಗೊಂಬೆ

ಶನಿವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಕಾರು ತೊಳೆಯದ ಮನೆ ಇಲ್ಲ. ಹೋಬಾರ್ಟ್ ನಗರದ ಮೇಲೆ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡ ಊರು ನಮ್ಮದು, ಫರ್ನ್ ಟ್ರೀ. ನೀಲಗಿರಿ ಮರಗಳ ತೊಗಟೆ, ಎಲೆ, ಪಕ್ಷಿಗಳ ಹಿಕ್ಕೆ, ಎಲ್ಲ ಕಾರಿನ ಮೇಲೇ ಬೀಳುತ್ತದೆ. ಹಾಗಾಗಿ ತೊಳೆಯುತ್ತೇವೆ, ಒರೆಸುತ್ತೇವೆ, ಮೇಣ ಹಚ್ಚಿ ಉಜ್ಜುತ್ತೇವೆ. ಬಾನೆಟ್ಟಿನ ಮೇಲ್ಭಾಗ ಕನ್ನಡಿಯಂತೆ ಹೊಳೆಯುತ್ತದೆ. ಅದನ್ನು ಎತ್ತಿ ಒಳಗೆ ನೋಡುವವರು ಮಾತ್ರ ಕಡಿಮೆ.

ಆಥಲ್ ಹೊರಗೆ ಉಜ್ಜಿ ಒಳಗೆ ನೋಡದವರಲ್ಲಿ ಒಬ್ಬ. ಹ್ಯೂಆನ್ ಕಣಿವೆಯಲ್ಲಿ ಸೇಬಿನ ತೋಟ ಮಾಡಿಕೊಂಡಿದ್ದವನು, ಮೈಯಲ್ಲಿ ಶಕ್ತಿ ಕಡಿಮೆಯಾದ ಮೇಲೆ ತೋಟ ಮಾರಿ ಹೆಂಡತಿ ವರ್ನಾಳ ಜೊತೆ ನಮ್ಮ ಬೀದಿಗೆ ಬಂದ. ತೋಟದಿಂದ ತಂದದ್ದು ಎರಡು: ಕೊಂಬೆ ಸವರುವ ಕತ್ತರಿಗಳ ಪೆಟ್ಟಿಗೆ ಮತ್ತು ಹಿಂದೆ ಸಾಮಾನು ತುಂಬಲು ಜಾಗವಿದ್ದ ಉದ್ದನೆಯ ಹಳೆಯ ಕಾರು. ಆ ಕಾರಿನಲ್ಲಿ ಅವನು ಸೌದೆ ತಂದ, ಗೊಬ್ಬರ ತಂದ, ಮೊಮ್ಮಕ್ಕಳನ್ನು ತಂದ. ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ.

ಒಂದು ವರ್ಷ ಚಳಿಗಾಲಕ್ಕೆ ಮೊದಲು ಕಣ್ಣಿನ ಡಾಕ್ಟರು ವರ್ನಾಳಿಗೆ ಒಂದು ಮಾತು ಹೇಳಿದರು. ಎರಡು ಕಣ್ಣಿನಲ್ಲೂ ನಡುವಿನ ನೋಟ ಸವೆಯುತ್ತಿದೆ. ಸೂಜಿಮದ್ದು ಕೊಡುತ್ತೇವೆ, ಆದರೂ ನಿಧಾನವಾಗಿ ಹೋಗುತ್ತದೆ. ಅಂಚಿನ ನೋಟ ಉಳಿಯುತ್ತದೆ. ನೋಡಬೇಕಾದ್ದು ಏನಾದರೂ ಇದ್ದರೆ ನೋಡಿಬಿಡಿ.

ವರ್ನಾ ಮನೆಗೆ ಬಂದವಳು ಅಳಲಿಲ್ಲ. ಅಡುಗೆಮನೆಯಲ್ಲಿ ಕೂತು, "ಊರು ನೋಡಬೇಕು ಆಥಲ್" ಅಂದಳು. "ಇಷ್ಟು ವರ್ಷ ಸೇಬು ನೋಡಿದ್ದೇ ಆಯ್ತು. ಭಾನುವಾರ ಭಾನುವಾರ ಕರ್ಕೊಂಡು ಹೋಗು. ಹಿಮ ಬಿದ್ದ ದಿನ ಬೆಟ್ಟದ ತುದಿಗೂ ಹೋಗೋಣ. ಅಲ್ಲಿಂದ ಇಡೀ ಊರು ಒಟ್ಟಿಗೆ ಕಾಣುತ್ತಲ್ಲ, ಅದೊಂದು ಬೇಕು ನನಗೆ."

"ಅದಕ್ಕೇನಂತೆ" ಅಂದ ಆಥಲ್.

ಹಾಗೆ ಅವರ ಭಾನುವಾರದ ತಿರುಗಾಟ ಶುರುವಾಯಿತು. ದೋಣಿಕಟ್ಟೆಯ ಪಕ್ಕದ ರಸ್ತೆಯಲ್ಲಿ ನಿಧಾನವಾಗಿ ಹೋಗುವುದು, ಚಿಪ್ಪುಮೀನು ತುಂಬಿದ ಬಿಸಿ ಪೈ ಕೊಂಡು ಕಾರಿನೊಳಗೇ ತಿನ್ನುವುದು, ಸ್ಯಾಂಡಿ ಬೇ ಕಡಲಂಚಿನಲ್ಲಿ ಗಾಜು ಇಳಿಸಿಕೊಂಡು ಸಾಗುವುದು. ಒಂದು ವಾರ ನದಿಯ ಸೇತುವೆ ದಾಟಿ ಆಚೆ ದಡದಿಂದ ಈಚೆ ದಡ ನೋಡಿದರು. ಎಲ್ಲವೂ ತಗ್ಗಿನ ರಸ್ತೆಗಳು, ಮನೆಯಿಂದ ಇಳಿಯುವ ರಸ್ತೆಯೂ ಅಷ್ಟೇನು ಕಡಿದಲ್ಲ. ಕಾರು ಬೆಣ್ಣೆಯ ಹಾಗೆ ಓಡಿತು.

ಅವರ ಪಕ್ಕದ ಮನೆ ಡಲ್ಸಿಯದು. ಬಹಳ ವರ್ಷ ಈ ಬೆಟ್ಟದ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತಿಯಾದ ಹೆಂಗಸು. ಒಂದು ಶನಿವಾರ ಆಥಲ್ ಚಕ್ರದ ಬಟ್ಟಲುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾಗ ಬೇಲಿಗೆ ಕೈಯೂರಿ ನಿಂತಳು.

"ಮದುವೆಗೆ ಕಳಿಸ್ತೀಯೇನೋ ಅದನ್ನ?"

"ನಿನ್ನ ಕಾರಿಗೆ ಹೊಟ್ಟೆಕಿಚ್ಚು ಬಂತೇನೋ ನೋಡು, ಡಲ್ಸಿ."

"ಬೆಟ್ಟಕ್ಕೆ ಹೋಗ್ತೀರಂತೆ. ವರ್ನಾ ಹೇಳಿದ್ಳು. ಇದನ್ನ ಕೊನೇ ಸಲ ಸರ್ವಿಸ್‌ಗೆ ಬಿಟ್ಟಿದ್ದು ಯಾವಾಗ?"

ಆಥಲ್ ನಕ್ಕ. "ಏನಾಗಿದೆ ಅಂತ ಬಿಡಬೇಕು? ಕೀಲಿ ತಿರುಗಿಸಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ."

"ಸ್ಟಾರ್ಟ್ ಆಗೋದು ಯಾರಿಗೆ ಬೇಕು ಮಾರಾಯಾ, ನಿಲ್ಲಬೇಕಲ್ಲ."

"ನಿಲ್ಲುತ್ತೆ. ತೋಟದ ಟ್ರಾಕ್ಟರಿಗೂ ನಾನು ಅಷ್ಟೇ ಮಾಡ್ತಿದ್ದೆ. ಕೆಟ್ಟರೆ ರಿಪೇರಿ, ಕೆಡದಿದ್ರೆ ಮುಟ್ಟಬಾರದು. ಗ್ಯಾರೇಜಿಗೆ ಹೋದ್ರೆ ಇಲ್ಲದ ರೋಗ ಹುಡುಕ್ತಾರೆ."

"ನಿನ್ನ ಟ್ರಾಕ್ಟರು ಬೆಟ್ಟ ಇಳೀತಿತ್ತಾ?" ಡಲ್ಸಿ ಗೇಟು ತೆಗೆದು ಒಳಗೆ ಬಂದೇಬಿಟ್ಟಳು. "ಬಾನೆಟ್ ಎತ್ತು."

ಎತ್ತಿದ. ಅವಳು ಒಂದು ಮೂಲೆಯಲ್ಲಿದ್ದ ಸಣ್ಣ ಡಬ್ಬಿ ತೋರಿಸಿದಳು. "ಇದು ಬ್ರೇಕ್ ಆಯಿಲ್. ಜೇನಿನ ಬಣ್ಣ ಇರಬೇಕಾದ್ದು. ನಿಂದು ಕುದ್ದು ಕುದ್ದು ಕಪ್ಪಾದ ಚಹಾದ ಹಾಗಿದೆ. ಇದು ಕೂತಲ್ಲೇ ಗಾಳಿಯಿಂದ ನೀರು ಹೀರ್ಕೊಳ್ಳುತ್ತೆ. ಬೆಟ್ಟ ಇಳೀವಾಗ ಬ್ರೇಕು ಕಾಯುತ್ತೆ, ಒಳಗಿನ ನೀರು ಆವಿ ಆಗುತ್ತೆ. ಆಮೇಲೆ ನೀನು ಪೆಡಲ್ ತುಳಿದ್ರೆ ಆವಿಯನ್ನ ತುಳಿದ ಹಾಗೆ. ಪಾದ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ." ಆಮೇಲೆ ಬಗ್ಗಿ ಮುಂದಿನ ಟೈರಿನ ಮೇಲೆ ಬೆರಳಾಡಿಸಿದಳು. "ಇದರಲ್ಲಿ ಗೆರೆನೇ ಉಳಿದಿಲ್ಲ. ಆ ವೈಪರಿನ ರಬ್ಬರ್ ನೋಡು, ಹಲ್ಲಿ ಬಾಲ ಜೋತಾಡಿದ ಹಾಗೆ ಜೋತಾಡ್ತಿದೆ."

"ಇಡೀ ತಿಂಗಳು ಓಡಿಸಿದೀನಿ. ಏನೂ ಆಗಿಲ್ಲ."

"ತಗ್ಗಲ್ಲಿ ಓಡಿಸಿದೀಯ. ತಗ್ಗಲ್ಲಿ ಎಂಥ ಬ್ರೇಕಾದ್ರೂ ಒಳ್ಳೇದೇ. ಅಲ್ಲಯ್ಯಾ, ಬೇಸಿಗೆ ಕೊನೇಲಿ ಪ್ರತಿ ವರ್ಷ ಒಲೆಯ ಹೊಗೆಕೊಳವೆ ಗುಡಿಸ್ತೀಯಲ್ಲ, ಯಾಕೆ? ಒಳಗಿನ ಮಸಿಗೆ ಬೆಂಕಿ ಹತ್ತಿದ ಮೇಲೆ ಗುಡಿಸಬಹುದಲ್ಲ?"

ಆಥಲ್‌ಗೆ ಸಿಟ್ಟು ಬಂತು. ಬ್ರಷ್ಷನ್ನು ಬಕೀಟಿಗೆ ಎಸೆದ. "ಗ್ಯಾರೇಜಿಗೆ ಬಿಟ್ಟ ದಿನವೇ ಹಿಮ ಬಿದ್ರೆ? ಅವಳ ಕಣ್ಣು ನಿನ್ನ ಮೆಕ್ಯಾನಿಕ್ ರಸ್ಸೆಲ್‌ಗೋಸ್ಕರ ಕಾಯುತ್ತಾ?"

"ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ."

"ನನ್ನ ಹೆಂಡತಿಯನ್ನ ನಾನೇ ಕರ್ಕೊಂಡು ಹೋಗ್ತೀನಿ" ಅಂದು ಬಾನೆಟ್ ಮುಚ್ಚಿದ. ಡಲ್ಸಿ ಗೇಟು ಎಳೆದುಕೊಂಡು ತನ್ನ ಮನೆಗೆ ಹೋದಳು.

ಜುಲೈ ಅಂದರೆ ನಮ್ಮಲ್ಲಿ ನಡು ಚಳಿಗಾಲ, ಆ ತಿಂಗಳಲ್ಲಿ ಹಿಮ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೆಟ್ಟದ ಅರ್ಧ ಬಿಳಿ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ರಸ್ತೆಯ ಹಿಮ ಸರಿಸಿ, ಅದನ್ನು ಮುಚ್ಚಿದ್ದ ಗೇಟು ತೆಗೆದರು. ಇಡೀ ಹೋಬಾರ್ಟ್ ಕಾರು ಹತ್ತಿಕೊಂಡು ಮೇಲೆ ಬಂತು. ಆಥಲ್ ಚಹಾದ ಫ್ಲಾಸ್ಕು, ಕಂಬಳಿ ಇಟ್ಟುಕೊಂಡು ವರ್ನಾಳನ್ನು ಕೂರಿಸಿಕೊಂಡು ಹೊರಟ.

ತುದಿಯಲ್ಲಿ ಮೋಡ ಕವಿದಿತ್ತು. ಕೈ ಚಾಚಿದರೆ ಕೈ ಕಾಣದು. ಕಾದರು, ಚಹಾ ಕುಡಿದರು, ಮತ್ತೆ ಕಾದರು. ಕೆಳಗೆ ಊರಿದೆಯೆಂದು ನಂಬಬೇಕಷ್ಟೇ, ನೋಡುವಂತಿರಲಿಲ್ಲ. ವರ್ನಾಳ ಮುಖ ಬಾಡಿದ್ದು ಕಂಡು ಆಥಲ್ ಕೆಳಗಿಳಿದು ಹಿಮ ಬಾಚತೊಡಗಿದ.

ಬೆಟ್ಟಕ್ಕೆ ಹೋದವರು ಬಾನೆಟ್ ಮೇಲೆ ಹಿಮದ ಗೊಂಬೆ ಕಟ್ಟಿಕೊಂಡು ಇಳಿಯುವುದು ನಮ್ಮ ಕಡೆಯ ರೂಢಿ. ಗೊಂಬೆ ಬೀಳದೆ, ಕರಗದೆ ಮನೆಯ ಬಾಗಿಲ ತನಕ ಬಂದರೆ ಬೀದಿಯವರೆಲ್ಲ ನೋಡಿ ಮೆಚ್ಚುತ್ತಾರೆ. ಮಕ್ಕಳು ಚಿಕ್ಕವರಿದ್ದಾಗ ಆಥಲ್ ತೋಟದಿಂದ ಬಂದು ಪ್ರತಿ ಚಳಿಗಾಲ ಕಟ್ಟುತ್ತಿದ್ದ. ಈಗಲೂ ಕಟ್ಟಿದ. ತನ್ನ ಉಣ್ಣೆಯ ಟೋಪಿ ಅದರ ತಲೆಗೆ ಹಾಕಿದ.

"ನಿನ್ನ ಹಾಗೇ ಇದೆ" ಅಂದಳು ವರ್ನಾ. "ಕುತ್ತಿಗೇನೇ ಇಲ್ಲ."

ಇಳಿಯುವಾಗ ಅವನಿಗೆ ಒಂದೇ ಚಿಂತೆ, ಗೊಂಬೆ ಬೀಳಬಾರದು. ತಿರುವಿನಲ್ಲಿ ಜೋರಾಗಿ ಹೋದರೆ ಜಾರುತ್ತದೆ, ಒಮ್ಮೆಲೇ ಬ್ರೇಕ್ ಹಾಕಿದರೂ ಜಾರುತ್ತದೆ. ಹಾಗಾಗಿ ಬ್ರೇಕಿನ ಮೇಲೆ ಪಾದ ಇಟ್ಟವನು ಎತ್ತಲೇ ಇಲ್ಲ. ತಿರುವಿನಿಂದ ತಿರುವಿಗೆ ಮೆಲ್ಲಗೆ ಒತ್ತಿಕೊಂಡೇ ಇಳಿದ. ಗೇರು ಮೇಲಿನದೇ ಇತ್ತು.

"ಆಥಲ್, ಏನೋ ಸುಟ್ಟ ವಾಸನೆ."

"ಮುಂದಿನ ಕಾರಿಂದು."

ಸ್ವಲ್ಪ ಹೊತ್ತಿನ ಮೇಲೆ ವರ್ನಾ ಮತ್ತೆ ಹೇಳಿದಳು. "ಮುಂದೆ ಯಾವ ಕಾರಿನ ಸದ್ದೂ ಇಲ್ಲ."

ಅಷ್ಟರಲ್ಲಿ ಅವನ ಪಾದದ ಕೆಳಗೆ ಪೆಡಲ್ ಮೆತ್ತಗಾಯಿತು. ಇನ್ನಷ್ಟು ಒತ್ತಿದ. ಅದು ನೆಲ ಮುಟ್ಟಿತು. ಕಾರು ವೇಗ ಹಿಡಿಯಿತು. ತಿರುವಿನಲ್ಲಿ ಗೊಂಬೆ ಮುರಿದು ಗಾಜಿನ ಮೇಲೆ ಬಿತ್ತು. ವೈಪರ್ ಹಾಕಿದರೆ ಹರಿದ ರಬ್ಬರು ಹಿಮವನ್ನು ಸರಿಸಲಿಲ್ಲ, ಗಾಜಿನ ತುಂಬ ಬಳಿಯಿತು. ಆ ಬಿಳುಪಿನ ನಡುವೆ ಒಂದು ಸಣ್ಣ ಸಂದಿಯಲ್ಲಿ ಅವನಿಗೆ ರಸ್ತೆಯಂಚು ಕಂಡಿತು. ಅಲ್ಲೊಂದು ಕುಟುಂಬ ಹಿಮದಲ್ಲಿ ಆಡುತ್ತಿತ್ತು. ತಾಯಿಯೊಬ್ಬಳು ಇವನ ಕಡೆ ನೋಡಿ, ಇಬ್ಬರು ಮಕ್ಕಳ ಅಂಗಿ ಹಿಡಿದು ಹಿಂದಕ್ಕೆ ಎಳೆದುಕೊಂಡದ್ದು ಕಂಡಿತು.

ಆಥಲ್ ಗೇರು ಕೆಳಗಿಳಿಸಿದ. ಎಂಜಿನ್ ಅರಚಿತು. ಹ್ಯಾಂಡ್ ಬ್ರೇಕು ಎಳೆಯುತ್ತ ಕಾರನ್ನು ಬೆಟ್ಟದ ಗೋಡೆಯ ಕಡೆಗೆ ತಿರುಗಿಸಿದ. ಸವೆದ ಟೈರು ಒದ್ದೆಯಲ್ಲಿ ಜಾರಿತು. ಒಂದು ಪಕ್ಕದ ತಗಡೆಲ್ಲ ಕಲ್ಲಿಗೆ ಉಜ್ಜಿಕೊಂಡು ಹೋಗಿ, ಮೂತಿ ಚರಂಡಿಗೆ ಇಳಿದು ಕಾರು ನಿಂತಿತು. ಇನ್ನೊಂದು ಪಕ್ಕದಲ್ಲಿ ಕಣಿವೆ ಇತ್ತು.

ಇಬ್ಬರಿಗೂ ಪೆಟ್ಟಾಗಲಿಲ್ಲ. ಯಾರಿಗೂ ಆಗಲಿಲ್ಲ. ಆ ತಾಯಿ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದಳು. ಬೈಯಲಿಲ್ಲ. ಇಬ್ಬರು ಮಕ್ಕಳನ್ನೂ ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ಆಥಲ್ ಅವಳ ಮುಖ ನೋಡಲಾರದೆ ಸ್ಟೀರಿಂಗ್ ನೋಡುತ್ತ ಕೂತ.

ಎಳೆದೊಯ್ಯುವ ಲಾರಿ ಬರುವ ಹೊತ್ತಿಗೆ ವರ್ನಾ ಕಂಬಳಿ ಮಡಚಿಟ್ಟಳು. ಆಮೇಲೆ ಮೆಲ್ಲಗೆ, ದನಿ ಏರಿಸದೆ ಹೇಳಿದಳು.

"ಕಣ್ಣು ಹೋಗ್ತಿರೋದು ನಂದು, ಆಥಲ್. ಡಲ್ಸಿ ತೋರಿಸಿದ್ದನ್ನ ನೋಡದೆ ಇದ್ದವನು ನೀನು."

ಕಾರು ರಸ್ಸೆಲನ ಗ್ಯಾರೇಜಿನಲ್ಲಿ ಬಹಳ ದಿನ ನಿಂತಿತು. ಬ್ರೇಕಿನ ತಟ್ಟೆ, ಪ್ಯಾಡು, ಆಯಿಲ್, ಟೈರು ಎಲ್ಲ ಹೊಸದಾದವು. ಹಳೆಯ ಪ್ಯಾಡನ್ನು ರಸ್ಸೆಲ್ ಆಥಲನ ಅಂಗೈಯಲ್ಲಿಟ್ಟ. ಬಿಸ್ಕತ್ತಿನಷ್ಟು ದಪ್ಪ ಇರಬೇಕಾದ್ದು ಹಾಳೆಯಂತೆ ಸವೆದಿತ್ತು. "ಮೊದಲೇ ಬಂದಿದ್ರೆ ಒಂದು ಮಧ್ಯಾಹ್ನದ ಕೆಲಸ" ಅಂದ ಅವನು. ಆಥಲ್ ಆ ಪ್ಯಾಡನ್ನು ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟ. ಈಗಲೂ ಅಲ್ಲೇ ಇದೆ.

ಕಾರು ಸರಿಹೋಯಿತು. ವರ್ನಾ ಮಾತ್ರ ಅದರಲ್ಲಿ ಕೂರಲಿಲ್ಲ. ಕಣ್ಣಿನ ಆಸ್ಪತ್ರೆಗೂ ಬಸ್ಸಿನಲ್ಲೇ ಹೋದಳು. ಆಥಲ್ ಒತ್ತಾಯ ಮಾಡಲಿಲ್ಲ. ಪ್ರತಿ ಶನಿವಾರ ಡಲ್ಸಿಯನ್ನು ಬೇಲಿಯ ಬಳಿ ಕರೆದು ಬಾನೆಟ್ ಎತ್ತುತ್ತಿದ್ದ. ಎಂಜಿನ್ ಆಯಿಲಿನ ಕಡ್ಡಿ ಎಳೆದು ಒರೆಸಿ ನೋಡುವುದು, ತಣ್ಣಗಿದ್ದಾಗ ರೇಡಿಯೇಟರಿನ ನೀರು ನೋಡುವುದು, ಟೈರಿಗೆ ಗಾಳಿ, ದೀಪಗಳು, ಎಲ್ಲ ಕಲಿತ.

"ಮೇಣ ಹಚ್ಚಲ್ವಾ ಇವತ್ತು?" ಅಂತ ಡಲ್ಸಿ ಕೆಣಕುತ್ತಿದ್ದಳು.

"ಹೊತ್ತಿಲ್ಲ."

ವರ್ನಾ ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಚಳಿಗಾಲ ಹಾಗೇ ಮುಗಿಯಿತು. ಬೆಟ್ಟದ ಬಿಳುಪು ಹೋಯಿತು. ಅವಳ ಕಣ್ಣಿನ ನಡುವೆ ಬೂದುಬಣ್ಣದ ಮಸುಕು ಬಂದು ಕೂತಿತು. ಎದುರು ನಿಂತವರ ಮೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಅಕ್ಟೋಬರಿನಲ್ಲಿ, ಸೇಬಿನ ಗಿಡ ಹೂಬಿಟ್ಟ ಮೇಲೆ, ಯಾರೂ ನೆನೆಸದ ಹಿಮ ಒಂದು ಸಲ ಬಿತ್ತು. ಹಿಮ ನಿಂತ ಮೇಲೆ ಆಕಾಶ ತಿಳಿಯಾಯಿತು. ವರ್ನಾ ಕೋಟು ಹಾಕಿಕೊಂಡು ಬಂದು ಡಲ್ಸಿಯ ಬಾಗಿಲು ತಟ್ಟಿದಳು.

"ಡಲ್ಸಿ, ನೀನಾದ್ರೆ ನಿನ್ನ ಮನೆಯವರನ್ನ ಆ ಕಾರಲ್ಲಿ ಕಳಿಸ್ತೀಯಾ?"

"ಕಳಿಸ್ತೀನಿ. ನಾನೇ ಹಿಂದಿನ ಸೀಟಲ್ಲಿ ಕೂರ್ತೀನಿ, ಬೇಕಾದ್ರೆ."

"ಬೇಡ. ನಿನ್ನ ಬಾಯಿ ಸುಮ್ಮನಿರಲ್ಲ."

ಇದು ಮೂರ್ಖತನ ಮಾಡಿದವನಿಗೆ ಸಿಕ್ಕ ಎರಡನೆಯ ಅವಕಾಶವೆಂದು ಆಥಲ್‌ಗೆ ಗೊತ್ತಿತ್ತು. ಅವನು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಓಡಿಸಿದ. ತುದಿಯಲ್ಲಿ ಗಾಳಿ ಇತ್ತು, ಮೋಡ ಇರಲಿಲ್ಲ. ಕೆಳಗೆ ಊರು, ಸೇತುವೆ, ನದಿ, ಅದು ಕಡಲು ಸೇರುವ ಕಡೆ ಬೆಳಕು. ವರ್ನಾ ಕಟ್ಟೆಯ ಕಂಬಿ ಹಿಡಿದು ನಿಂತಳು. ಆದರೆ ಮುಖ ಬೇರೆ ಕಡೆ ತಿರುಗಿಸಿ, ಪಕ್ಕದ ಬರೀ ಬಂಡೆಯನ್ನು ನೋಡುತ್ತಿದ್ದಳು.

ಆಥಲ್ ಅವಳ ಹೆಗಲು ಮುಟ್ಟಿದ. "ಊರು ಈ ಕಡೆ ಇದೆ, ವರ್ನಾ."

"ಗೊತ್ತು" ಅಂದಳು. "ನೆಟ್ಟಗೆ ನೋಡಿದ್ರೆ ಈಗ ಕಾಣಲ್ಲ. ಹೀಗೆ ತಿರುಗಿದ್ರೆ ಅಂಚಲ್ಲಿ ಕಾಣುತ್ತೆ."

ಜುಲೈಯಲ್ಲಿ ಅವಳು ನೆಟ್ಟಗೆ ನೋಡುತ್ತಿದ್ದಳು. ಆ ಬೇಸಿಗೆಯ ಕೊನೆಯಲ್ಲೇ ಕಾರು ಗ್ಯಾರೇಜಿಗೆ ಹೋಗಿದ್ದರೆ, ಜುಲೈಯ ಮೋಡ ಸರಿದ ಮರುದಿನವೇ ಮತ್ತೆ ಬರಬಹುದಿತ್ತು. ಅದು ಆಥಲನಿಗೂ ಗೊತ್ತಿತ್ತು. ಅವಳ ಪಕ್ಕದಲ್ಲಿ ನಿಂತು, ತಾನೂ ಬಂಡೆಯ ಕಡೆ ಮುಖ ಮಾಡಿ, ಕಣ್ಣಂಚಿನಲ್ಲಿ ಊರು ನೋಡಲು ಪ್ರಯತ್ನಿಸಿದ.

ಹೊರಡುವಾಗ ಬಾನೆಟ್ ಮೇಲೆ ಗೊಂಬೆ ಕಟ್ಟಲಿಲ್ಲ. ವರ್ನಾ ತಿಂಡಿಯ ಡಬ್ಬಿಯಲ್ಲಿ ಒಂದು ಹಿಡಿ ಹಿಮ ತುಂಬಿ ಮಡಿಲಲ್ಲಿಟ್ಟುಕೊಂಡಳು. ಆಥಲ್ ತುದಿಯಲ್ಲೇ ಗೇರು ಕೆಳಗೆ ಹಾಕಿದ. ಎಂಜಿನ್ನೇ ಕಾರನ್ನು ಹಿಡಿದುಕೊಂಡು ಇಳಿಯಿತು. ತಿರುವು ಬಂದಾಗ ಬ್ರೇಕ್ ಒತ್ತಿ, ಮತ್ತೆ ಪಾದ ಎತ್ತುತ್ತಿದ್ದ.

"ಸದ್ದು ಬೇರೆ ಇದೆ" ಅಂದಳು ವರ್ನಾ.

"ಹೀಗೇ ಇರಬೇಕಂತೆ."

"ವಾಸನೆ ಇಲ್ಲ."

"ಇಲ್ಲ."

ಮನೆ ಮುಟ್ಟಿದಾಗ ಡಬ್ಬಿಯ ಹಿಮ ಅರ್ಧ ಕರಗಿತ್ತು. ಉಳಿದದ್ದನ್ನು ವರ್ನಾ ಡಲ್ಸಿಯ ಗೇಟಿನ ಕಂಬದ ಮೇಲೆ, ಒಂದು ಪುಟ್ಟ ಗೊಂಬೆಯ ತಲೆಯಷ್ಟು ಮಾಡಿ, ಇಟ್ಟು ಬಂದಳು.

ಇದನ್ನು ಓದುತ್ತಿರುವವರೇ, ನಿಮಗೂ ಒಂದು ಬೆಟ್ಟವಿರಬಹುದು, ಘಾಟಿ ಇರಬಹುದು, ಭಾನುವಾರ ಊರು ಸುತ್ತಿಸಲು ಕಾಯುತ್ತಿರುವ ತಾಯಿಯೋ ಹೆಂಡತಿಯೋ ಮಗುವೋ ಇರಬಹುದು. ಕಾರು ಸ್ಟಾರ್ಟ್ ಆಗುತ್ತದೆ ಎಂದು ಹೊರಡಬೇಡಿ, ನಿಲ್ಲುತ್ತದೆಯೇ ಎಂದು ತಿಳಿದು ಹೊರಡಿ. ಬ್ರೇಕ್ ಆಯಿಲನ್ನು ಕಪ್ಪಾಗುವ ತನಕ ಬಿಡಬೇಡಿ, ಮೆಕ್ಯಾನಿಕ್ ಹೇಳಿದ ಹೊತ್ತಿಗೆ ಬದಲಿಸಿ. ಟೈರಿನ ಗೆರೆ, ವೈಪರಿನ ರಬ್ಬರು ನಿಮ್ಮ ಕಣ್ಣಿಗೇ ಕಾಣುತ್ತವೆ, ನೋಡುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಇಳಿಜಾರಿನಲ್ಲಿ ಗೇರು ಕೆಳಗಿರಲಿ, ಪಾದ ಬ್ರೇಕಿನ ಮೇಲೇ ಕೂತಿರದಿರಲಿ. ಗಾಜಿನ ಎದುರು ಏನನ್ನೂ ಕಟ್ಟಬೇಡಿ, ಅದೆಷ್ಟು ಚೆಂದವಿದ್ದರೂ.

ಈ ಶನಿವಾರ ಕಾರು ತೊಳೆಯುವಾಗ ಪಕ್ಕದ ಸೀಟಿನಲ್ಲಿ ಕೂರುವವರನ್ನು ಒಮ್ಮೆ ನೆನೆಯಿರಿ. ಬಟ್ಟೆ ಕೆಳಗಿಡಿ. ಬಾನೆಟ್ ಎತ್ತಿ.